ಹುಳದ ಮನೆಯಲ್ಲಿ ಓದಿದ ಹಕ್ಕಿ ಪುಸ್ತಕ

ನಮ್ಮೂರ ಶಾಲೆಯ ಬೀರುವಿಗೆ ಹೊಸ ಪುಸ್ತಕ ತರಿಸುತ್ತೇವೆ, ಯಾವುದು ಬೇಕೋ ಊರವರೂ ಹೇಳಿ ಎಂದು ಮೊನ್ನೆ ಸಭೆ ಕರೆದಿದ್ದರು. ಒಬ್ಬರು ಸಾಮಾನ್ಯ ಜ್ಞಾನದ ಪುಸ್ತಕ ಅಂದರು, ಒಬ್ಬರು ಇಂಗ್ಲಿಷ್ ವ್ಯಾಕರಣ ಅಂದರು, ಇನ್ನೊಬ್ಬರು ಪ್ರಬಂಧದ ಪುಸ್ತಕ ಅಂದರು. ನಾನು ಹೆಂಗಸರ ಸಾಲಿನಿಂದ ಎದ್ದು, ಹಕ್ಕಿ ಪುಸ್ತಕ ತರಿಸಿ, ಇರುವ ಒಂದು ಚಿಂದಿಯಾಗಿದೆ, ಇನ್ನೂ ನಾಲ್ಕು ತರಿಸಿ ಅಂದೆ. ಮೇಷ್ಟರು ನಕ್ಕರು.

"ಅಜ್ಜಿ, ಅದ್ರಲ್ಲಿ ಬರೀ ಸಾವು. ಮಕ್ಕಳ ಕೈಗೆ ಅಂಥದ್ದು ಯಾಕೆ?"

ಸಭೆಯಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಳಂದೂರಿನ ಹತ್ತಿರದ ತವರಿನಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಬರೆಯುವಾಗ ದೀರ್ಘ ಎಲ್ಲಿ ಒತ್ತು ಎಲ್ಲಿ ಎಂದು ತಿಳಿಯುವುದಿಲ್ಲ. ತಿದ್ದಿದವಳು ನನ್ನ ಮೊಮ್ಮಗಳು. ಈಗ ಹತ್ತನೇ ಕ್ಲಾಸು, ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಬರುತ್ತಾಳೆ. ಭಾನುವಾರ ನಮ್ಮ ಜಗಲಿಯ ಮೇಲೆ ಕೂತು ಬೀದಿಯ ಮಕ್ಕಳಿಗೆಲ್ಲ ಕತೆ ಓದಿ ಹೇಳುತ್ತಾಳೆ. ಅವಳ ದನಿ ಅಡುಗೆ ಮನೆಗೆ ಕೇಳಿಸಿದರೆ ನನಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಅವಳ ವಿಷಯ ಯಾರು ಕೇಳಿದರೂ ಕೇಳದಿದ್ದರೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿ ಬೈಸಿಕೊಂಡಿದ್ದೇನೆ.

ಆ ದನಿ ಒಂದು ಕಾಲದಲ್ಲಿ ಇರಲಿಲ್ಲ. ಅದನ್ನೇ ಹೇಳಬೇಕಾಗಿರುವುದು.

ಮದುವೆಯಾಗಿ ನಾನು ಬಂದದ್ದು ಮಧುವನಹಳ್ಳಿಗೆ. ಆಗಲೂ ಈಗಲೂ ನಮ್ಮದು ರೇಷ್ಮೆ ಹುಳದ ಬದುಕು. ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು, ಮನೆಯಲ್ಲಿ ಹುಳ. ಹುಳಕ್ಕೆಂದು ಬೇರೆ ಮನೆ ಕಟ್ಟಿಸುವ ಅನುಕೂಲ ನಮಗಿರಲಿಲ್ಲ. ನಡುಮನೆಯ ಉದ್ದಕ್ಕೂ ಬಿದಿರಿನ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ತಟ್ಟೆ, ತಟ್ಟೆಯ ತುಂಬ ಹುಳ. ನಾವು ಮಲಗುತ್ತಿದ್ದದ್ದು ಸ್ಟ್ಯಾಂಡುಗಳ ಸಂದಿಯಲ್ಲಿ ಚಾಪೆ ಹಾಸಿಕೊಂಡು. ಒಂದು ಬೆಳೆ ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗುತ್ತಿದ್ದಂತೆ ಇನ್ನೊಂದು ಬೆಳೆಯ ಮರಿಹುಳ ಬರುತ್ತಿತ್ತು. ಅದನ್ನು ನಾವು ಚಾಕಿ ಅನ್ನುತ್ತೇವೆ. ವರ್ಷದಲ್ಲಿ ಮನೆ ಖಾಲಿ ಇರುತ್ತಿದ್ದ ದಿನ ತೀರ ಕಡಿಮೆ. ಆ ದಿನಗಳೂ ತೊಳೆಯುವುದರಲ್ಲಿ, ಸುಣ್ಣ ಬಳಿಯುವುದರಲ್ಲಿ ಹೋಗುತ್ತಿದ್ದವು.

ಹುಳ ಮನೆಯಲ್ಲಿದ್ದರೆ ಅದಕ್ಕೆ ಕಟ್ಟಳೆ ಉಂಟು. ಒಗ್ಗರಣೆ ಹಾಕುವಂತಿಲ್ಲ. ಹೊಗೆಸೊಪ್ಪು ಮೆದ್ದವರು ಹತ್ತಿರ ಬರುವಂತಿಲ್ಲ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಂಡರೂ ಅವತ್ತು ತಟ್ಟೆ ಮುಟ್ಟುವಂತಿಲ್ಲ. ಹುಳದ ಮುಂದೆ ಅಳುವಂತಿಲ್ಲ, ಸತ್ತವರ ಹೆಸರು ಎತ್ತುವಂತಿಲ್ಲ. ಹುಳಕ್ಕೆ ಕಿವಿ ಇದೆ, ಕೇಳಿಸಿಕೊಂಡರೆ ಸೊಪ್ಪು ಬಿಡುತ್ತವೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಎಲ್ಲರ ಮನೆಯಲ್ಲೂ ಇಷ್ಟು ಬಿಗಿ ಇತ್ತೋ ಇಲ್ಲವೋ, ನಮ್ಮ ಮನೆಯಲ್ಲಿ ಇತ್ತು. ನಾನೂ ನಂಬಿದ್ದೆ, ನನ್ನ ಮಗನೂ ನಂಬಿದ್ದ. ಊಟ ಕೊಡುವ ಹುಳವನ್ನು ಯಾರು ಪರೀಕ್ಷೆ ಮಾಡಿ ನೋಡುತ್ತಾರೆ?

ಮಗನಿಗೆ ಇಬ್ಬರು ಮಕ್ಕಳು. ದೊಡ್ಡವನು ಹುಡುಗ, ಅವನ ಹಿಂದೆ ಹುಟ್ಟಿದವಳು ಈ ನನ್ನ ಮೊಮ್ಮಗಳು. ಹುಡುಗ ಹೈಸ್ಕೂಲಿನಲ್ಲಿದ್ದ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಂದು ಹೊರೆ ಸೊಪ್ಪು ಕುಯ್ದು ಹಾಕಿ ಹೋಗುತ್ತಿದ್ದ. ಆ ದಿನ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅದಕ್ಕೇ ಹುಡುಗ ಇನ್ನೂ ಮಬ್ಬಿರುವಾಗಲೇ ತೋಟಕ್ಕೆ ಇಳಿದ. ಸೊಪ್ಪಿನ ಬುಡದಲ್ಲಿ ಹಾವಿತ್ತು.

ಆಟೋದಲ್ಲಿ ಹಾಕಿಕೊಂಡು ಹೋದರು. ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು.

ಅವನನ್ನು ಮನೆಯೊಳಗೆ ತರಲಿಲ್ಲ. ಒಳಗೆ ಹುಳ ಇದ್ದವು. ಬೀದಿಯ ಆಚೆ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮಲಗಿಸಿದರು. ಅಳಲು ಬಂದ ಹೆಂಗಸರನ್ನು ಗಂಡಸರು ದೂರ ಕಳಿಸಿದರು. "ಅತ್ಲಾಗೋಗಿ ಅಳ್ರವ್ವ, ಉಳ ಅವೆ" ಅಂದರು. ನನ್ನ ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ಸೊಪ್ಪಿನ ತೋಟದ ಬದುವಿಗೆ ಹೋಗಿ ಅತ್ತಳು. ಅವಳು ಕೌದಳ್ಳಿ ಕಡೆಯ ಹುಡುಗಿ. ಅದು ಕಾಡುಗಳ್ಳರ ಗಲಾಟೆಯ ಕಾಲ, ಸಂಜೆ ಮೇಲೆ ಹನೂರಿನಿಂದ ಆಚೆಯ ಬಸ್ಸನ್ನು ನೆಚ್ಚುವಂತಿರಲಿಲ್ಲ. ಅವಳ ಅಪ್ಪ ಅಮ್ಮ ಮರುದಿನ ಬಂದು ಇಳಿದಾಗ ಮಣ್ಣು ಮಾಡಿ ಎಲ್ಲರೂ ವಾಪಸ್ಸು ಬರುತ್ತಿದ್ದರು. ಸೂತಕದ ಮನೆಯವರು ಹುಳ ಮುಟ್ಟುವ ಹಾಗಿರಲಿಲ್ಲವಾದ್ದರಿಂದ ಪಕ್ಕದ ಮನೆಯವರು ಬಂದು ಸೊಪ್ಪು ಹಾಕಿದರು. ನಾವು ಜಗಲಿಯಲ್ಲಿ ಕೂತಿದ್ದೆವು. ಒಳಗಿನಿಂದ ಹುಳ ಸೊಪ್ಪು ಕಡಿಯುವ ಸದ್ದು ಬರುತ್ತಿತ್ತು. ಮನೆಯಲ್ಲಿ ಇದ್ದದ್ದು ಅದೊಂದೇ ಸದ್ದು.

ಆ ಬೆಳೆ ಚೆನ್ನಾಗಿ ಆಯಿತು. ಎಲ್ಲರೂ ಒಳ್ಳೆಯ ಗೂಡು ಅಂದರು.

ಅದಾದ ಮೇಲೆ ಹುಡುಗನ ಹೆಸರು ಮನೆಯಲ್ಲಿ ಬರಲಿಲ್ಲ. ಯಾರೂ ಬೇಡ ಅಂದದ್ದಲ್ಲ. ಇವತ್ತು ಹುಳ ಇದೆ, ನಾಳೆಯೂ ಹುಳ ಇದೆ, ನಾಡಿದ್ದೂ ಇದೆ. ಹೆಸರು ಎತ್ತುವುದು ಯಾವಾಗ? ಸೊಸೆ ಅಳಬೇಕಾದರೆ ಬದುವಿಗೆ ಹೋಗುತ್ತಿದ್ದಳು. ಮಗ ಎಲ್ಲಿ ಅತ್ತನೋ ನನಗೆ ಗೊತ್ತಿಲ್ಲ. ಮೊಮ್ಮಗಳು ಆಗ ಏಳನೇ ಕ್ಲಾಸು. ಅವಳು ಅಳಲೂ ಇಲ್ಲ, ಮಾತೂ ಆಡಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. ಆಮೇಲೆ ಅದೂ ನಿಂತಿತು. ತಟ್ಟೆಯಲ್ಲಿ ಅನ್ನ ಕಲಸಿಟ್ಟು ಹಾಗೇ ಎದ್ದು ಹೋಗುತ್ತಿದ್ದಳು. ಶಾಲೆಯಲ್ಲೂ ಬಾಯಿ ಬಿಡುವುದಿಲ್ಲ, ಹಾಜರಿಗೂ ಕೈ ಎತ್ತುತ್ತಾಳೆ ಎಂದು ಮೇಷ್ಟರು ಹೇಳಿ ಕಳಿಸಿದರು. ಇರುವ ಒಂದು ಮಗುವೂ ನಮ್ಮ ಕಣ್ಣೆದುರೇ ಹೋಗುತ್ತಿದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಹಾವು ಕಚ್ಚಿದ್ದು ಒಬ್ಬನನ್ನೇ, ವಿಷ ಏರಿದ್ದು ಇಬ್ಬರಿಗೂ.

ಹೀಗೇ ವರ್ಷವಾಗುತ್ತಾ ಬಂದಾಗ ಒಂದು ಮಧ್ಯಾಹ್ನ ಅವಳು ಹುಳಕ್ಕೆ ಸೊಪ್ಪು ಹಾಕಿ ಮುಗಿಸಿ, ಸ್ಟ್ಯಾಂಡಿನ ಸಂದಿಯಲ್ಲಿ ಕೂತು ಏನನ್ನೋ ಓದುತ್ತಿದ್ದಳು. ಪಾಠದ ಪುಸ್ತಕ ಅಲ್ಲ. ಶಾಲೆಯ ಬೀರುವಿನದು. ರಟ್ಟು, ಮೊದಲ ಹಾಳೆ ಎಲ್ಲ ಹೋಗಿ, ಯಾರೋ ಕಾಕಿ ಕಾಗದದ ಹೊದಿಕೆ ಅಂಟಿಸಿದ್ದರು. ಅದರ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮಕ್ಕಳೆಲ್ಲ ಹಕ್ಕಿ ಪುಸ್ತಕ ಅನ್ನುತ್ತಾರೆ, ಮೇಷ್ಟರಿಗೆ ಯಾವುದೆಂದು ಗೊತ್ತು. ನಾನು ಪಕ್ಕದಲ್ಲಿ ಕೂತೆ.

"ಏನಮ್ಮಿ ಅದು? ನಂಗೂ ವಸಿ ಓದ್ ಏಳು."

ಉತ್ತರ ಬರುತ್ತದೆ ಎಂದು ನಾನು ಕೇಳಿರಲಿಲ್ಲ. ಸುಮ್ಮನೆ ಕೇಳಿದ್ದೆ. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ, ಪಿಸುದನಿಯಲ್ಲಿ, ತಾನು ಓದುತ್ತಿದ್ದ ಸಾಲಿನಿಂದಲೇ ಗಟ್ಟಿಯಾಗಿ ಓದತೊಡಗಿದಳು. ಗಟ್ಟಿ ಅಂದರೆ ನನ್ನ ಕಿವಿಗೆ ಬೀಳುವಷ್ಟು. ನನಗೆ ಕತೆ ಒಂದು ಚೂರೂ ತಲೆಗೆ ಹೋಗಲಿಲ್ಲ. ದನಿಯನ್ನೇ ಕೇಳುತ್ತಾ ಕೂತೆ. ಮಾರನೆಯ ದಿನ ಮತ್ತೆ ಕೇಳಿದೆ. ಆಮೇಲೆ ದಿನಾ. ಸೊಸೆಯೂ ಕೆಲಸ ಮಾಡುತ್ತಲೇ ಅತ್ತ ಒಂದು ಕಿವಿ ಇಟ್ಟಿರುತ್ತಿದ್ದಳು. ಕತೆ ತಲೆಗೆ ಹೋಗಲು ಶುರುವಾದದ್ದು ಎಷ್ಟೋ ದಿನದ ಮೇಲೆ.

ಕತೆ ಹೀಗಿದೆ. ಒಂದು ಊರು. ಅಲ್ಲಿ ಯಾರಾದರೂ ಸತ್ತರೆ ಆ ಮನೆಯ ಮಾಡಿನ ಮೇಲೆ ಒಂದು ಬೂದು ಹಕ್ಕಿ ಬಂದು ಕೂರುತ್ತದೆ. ಸತ್ತವರ ಹೆಸರನ್ನು ಯಾರು ಬಾಯಿಂದ ಆಡುತ್ತಾರೋ ಅವರ ಬಾಯಿಂದ ಹಕ್ಕಿ ಅದನ್ನು ಕಿತ್ತುಕೊಂಡು ಹಾರಿಹೋಗುತ್ತದೆ, ಆಮೇಲೆ ಸತ್ತವರ ನೆನಪು ಯಾರಿಗೂ ಇರುವುದಿಲ್ಲ ಎಂದು ಊರಿನ ನಂಬಿಕೆ. ಮಡಕೆ ಮಾಡುವವರ ಮನೆಯ ಒಬ್ಬ ಹುಡುಗಿಯ ಅಣ್ಣ ಸಾಯುತ್ತಾನೆ. ಅವಳು ಅವನ ಹೆಸರನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ಬಾಯಿ ಮುಚ್ಚಿ, ಹಕ್ಕಿಯ ಬೆಟ್ಟಕ್ಕೆ ಹೊರಡುತ್ತಾಳೆ. ಹಕ್ಕಿ ಕಿತ್ತುಕೊಂಡ ಹೆಸರುಗಳೆಲ್ಲ ಅಲ್ಲಿವೆ, ಅವನ್ನು ಬಿಡಿಸಿದರೆ ಸತ್ತವರು ಎದ್ದು ಬರುತ್ತಾರೆ ಎಂದು ಅವಳ ಆಸೆ. ದಾರಿಯಲ್ಲಿ ಉಪ್ಪಿನ ಬಯಲು ಸಿಗುತ್ತದೆ. ನೆರಳುಗಳ ಸಂತೆ ಸಿಗುತ್ತದೆ, ಅಲ್ಲಿ ಮನುಷ್ಯರು ತಮ್ಮ ನೆರಳನ್ನು ಅಡವಿಟ್ಟು ಹೋಗಿರುತ್ತಾರೆ. ಇದನ್ನು ಬರೆದವರಿಗೆ ಮಕ್ಕಳ ಮನಸ್ಸು ಗೊತ್ತು. ಹೆದರಿಸುತ್ತಾರೆ, ಆದರೆ ಹೆದರಿಸಿ ಬಿಟ್ಟು ಹೋಗುವುದಿಲ್ಲ. ನಡುವೆ ಒಂದು ಅರಮನೆಯ ಕತೆ ಬರುತ್ತದೆ, ಅದು ಉದ್ದ ಜಾಸ್ತಿ, ನನಗೆ ನಿದ್ದೆ ಬಂತು. ಓದುವ ಮಕ್ಕಳು ಅಲ್ಲಿ ನಾಲ್ಕು ಹಾಳೆ ಹಾರಿಸಿದರೂ ತಪ್ಪಿಲ್ಲ.

ಓದುತ್ತಾ ನಾವು ಅರಮನೆ ದಾಟಿ ಉಪ್ಪಿನ ಬಯಲಿಗೆ ಬಂದಿದ್ದೆವು. ಒಂದು ಸಂಜೆ ಮಗ ಸೊಪ್ಪಿನ ಹೊರೆ ಹೊತ್ತು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಅವಳು ಓದುತ್ತಿದ್ದದ್ದು ಕತೆಯ ಹುಡುಗಿಯ ಸತ್ತ ಅಣ್ಣನ ವಿಷಯ.

"ಏನಮ್ಮಿ ಅದು? ಉಳದ ಮುಂದೆ ಕೂತ್ಕಂಡು ಏನ್ ಓದ್ತಿದ್ದೀಯ ನೀನು?"

ಅವಳು ನಿಲ್ಲಿಸಿದಳು.

"ಕತೆ ಕಣ್ಲಾ," ಅಂದೆ ನಾನು.

"ಕತೆನೋ ಗಿತೆನೋ. ಸತ್ತೋರ ಮಾತ ಇಲ್ಲಿ ಯಾಕ್ ಆಡ್ತೀರಿ? ನಿಂಗ್ ಗೊತ್ತಿಲ್ವಾ ಅವ್ವ? ನೀನೇ ತಾನೆ ನಂಗ್ ಏಳ್ಕೊಟ್ಟವ್ಳು?"

ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಮೊಮ್ಮಗಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು.

ಅದೇ ವಾರ ಮಳೆ ಹಿಡಿಯಿತು. ಹಗಲು ರಾತ್ರಿ ಬಿಡದ ಜಡಿ. ಒಣಗಿದ ಸೊಪ್ಪು ಎಲ್ಲೂ ಸಿಗಲಿಲ್ಲ. ನೆಂದ ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಹಾಕಿದೆವು. ಇನ್ನೇನು ಹುಳ ಹಣ್ಣಾಗಿ ಗೂಡು ಕಟ್ಟಬೇಕು, ಆಗ ಸಪ್ಪೆರೋಗ ಬಿತ್ತು. ಬೆಳಿಗ್ಗೆ ನೋಡಿದರೆ ಹುಳ ಮೆತ್ತಗಾಗಿ ತಟ್ಟೆಯ ಅಂಚಿಗೆ ಜೋತುಬಿದ್ದಿವೆ. ಮುಟ್ಟಿದರೆ ಕಪ್ಪು ನೀರು. ಸಂಜೆಯ ಹೊತ್ತಿಗೆ ನಡುಮನೆಯಲ್ಲಿ ನಿಲ್ಲಲಾರದಷ್ಟು ನಾತ. ತೋಟದ ಮೂಲೆಯಲ್ಲಿ ಗುಂಡಿ ತೋಡಿ, ತಟ್ಟೆ ತಟ್ಟೆಯಾಗಿ ಸುರಿದು, ಮೇಲೆ ಸುಣ್ಣ ಹಾಕಿ ಮುಚ್ಚಿದರು.

ಸುದ್ದಿ ಬೀದಿಗೆ ಹೇಗೆ ಹೋಯಿತೋ. ಪಕ್ಕದ ಮನೆಯವಳು ನೀರಿನ ಟ್ಯಾಂಕಿನ ಹತ್ತಿರ ನನಗೆ ಕೇಳುವ ಹಾಗೇ ಅಂದಳು:

"ಉಳದ ಮುಂದೆ ಎಣದ ಕತೆ ಓದ್ಸುದ್ರೆ ಉಳ ಇನ್ನೇನ್ ಗೂಡ್ ಕಟ್ತವಾ? ಚಟ್ಟ ಕಟ್ತವೆ."

ನಕ್ಕವರೂ ಇದ್ದರು. ಮಗನ ಕಿವಿಗೂ ಅದು ಬಿತ್ತು. ಮನೆಗೆ ಬಂದವನೇ ಮಗಳ ಚೀಲದಿಂದ ಪುಸ್ತಕ ತೆಗೆದು ಅಟ್ಟದ ಮೇಲೆ ಎಸೆದ.

"ಇಸ್ಕೂಲಿಗೆ ಕಳ್ಸುದ್ರೆ ಇಂತವ್ನೇ ತತ್ತದೆ. ಸಾಕು ಓದಿದ್ದು. ನಾಳಿಂದ ಓಗೂದ್ ಬ್ಯಾಡ. ಸೊಪ್ಪು ಕುಯ್ಕಂಡು ಮನೇಲಿರ್ಲಿ."

"ನೆಂದ ಸೊಪ್ಪ ಆಕುದ್ದು ಯಾರ್ಲಾ? ಕೂಸಾ?" ಅಂದೆ.

"ನೆಂದ ಸೊಪ್ಪ ಓದ್ ವರ್ಸದ್ ಮಳೇಲೂ ಆಕಿದ್ವಲ್ಲವ್ವ. ಆಗ್ ಯಾಕ್ ಸಾಯ್ನಿಲ್ಲ?"

ಮೊಮ್ಮಗಳು ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು. ಅವಳ ತುಟಿ ಮೊದಲಿನ ಹಾಗೇ ಕೂಡಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಮಗ ಶಾಲೆ ಬಿಡಿಸಿದರೆ ಈ ಬಾಯಿ ಇನ್ನು ಯಾವತ್ತೂ ತೆರೆಯುವುದಿಲ್ಲ ಎಂದು ಹೆದರಿದೆ.

ಮಾರನೆಯ ದಿನ ಅವಳು ಶಾಲೆಗೆ ಹೋಗಲಿಲ್ಲ. ನಾವು ಹೆಂಗಸರು ಮನೆ ತೊಳೆದೆವು. ಸ್ಟ್ಯಾಂಡು ಬಿಚ್ಚಿ ಹೊರಗೆ ಹಾಕಿ, ತಟ್ಟೆಗಳನ್ನು ಉಜ್ಜಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಿಂದ ಗೋಡೆ ನೆಲ ಎಲ್ಲ ತಿಕ್ಕಿದೆವು. ಮಧ್ಯಾಹ್ನ ಕೆಲಸ ಮುಗಿಯಿತು. ಮಳೆ ಬಿಟ್ಟು ಬಾಗಿಲಿನಿಂದ ಬಿಸಿಲು ನೇರ ಹಿತ್ತಲವರೆಗೂ ಬಿದ್ದಿತ್ತು. ನಮ್ಮ ನಡುಮನೆ ಅಷ್ಟು ದೊಡ್ಡದು ಎಂದು ನಾವೇ ಮರೆತಿದ್ದೆವು. ಸೊಸೆ ಅದರ ಮಧ್ಯೆ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಮಗ ಜಗಲಿಯಲ್ಲಿ ಸ್ಟ್ಯಾಂಡಿನ ಹಗ್ಗ ಸರಿ ಮಾಡುತ್ತಿದ್ದ.

"ಅತ್ತೆ," ಅಂದಳು ಸೊಸೆ. "ಈಗ ಉಳ ಇಲ್ವಲ್ಲ."

"ಇಲ್ಲ ಕಣವ್ವ."

"ಒಂದೂ ಇಲ್ಲ ತಾನೆ?"

"ಎಲ್ಲಾನೂ ಗುಂಡಿಗಾಕಾಯ್ತಲ್ಲ."

ಸೊಸೆ ತೀರಿಹೋದ ತನ್ನ ಮಗನ ಹೆಸರು ಹೇಳಿದಳು. ಕೂಗಿದ್ದಲ್ಲ, ಅತ್ತದ್ದೂ ಅಲ್ಲ. ಊಟಕ್ಕೆ ಕರೆಯುವಾಗ ಹೇಗೆ ಕರೆಯುತ್ತಿದ್ದಳೋ ಹಾಗೆ. ಜಗಲಿಯಲ್ಲಿ ಹಗ್ಗದ ಸದ್ದು ನಿಂತಿತು.

"ಸುಮ್ನಿರಮ್ಮಿ," ಅಂದ ಮಗ ಹೊರಗಿನಿಂದ. ದನಿಯಲ್ಲಿ ಜೋರು ಇರಲಿಲ್ಲ.

"ಯಾಕ್ ಸುಮ್ನಿರ್ಲಿ? ಯಾರ್ ಕೇಳ್ಕಂಡಾರು ಈಗ? ಉಳ ಬಂದ ದಿನ ಮತ್ತೆ ಮುಚ್ಕತೀನಿ ಬುಡಿ. ಇವತ್ತು ಏಳ್ತೀನಿ." ಮಗಳ ಕಡೆ ತಿರುಗಿದಳು. "ಅಟ್ಟದ್ ಮ್ಯಾಲಿಂದ ಅದ ತಕಂಬಾ. ಆ ಕೂಸು ಅವ್ರಣ್ಣನ ಎಸ್ರ ಏನ್ ಮಾಡ್ತು ಅಂತ ನಂಗೂ ಕೇಳ್ಬೇಕು."

ಮೊಮ್ಮಗಳು ಏಣಿ ಇಟ್ಟು ಹತ್ತಿದಳು. ಪುಸ್ತಕದ ಧೂಳು ಒರೆಸಿ ಅವ್ವನ ಪಕ್ಕ ಕೂತಳು. ಮೊದಲು ದನಿ ಏಳಲಿಲ್ಲ. ತುಟಿ ಆಡಿತು, ಅಷ್ಟೆ. ಸೊಸೆ ಅವಳ ಬೆನ್ನು ಸವರಿದಳು. ಆಮೇಲೆ ಓದು ಶುರುವಾಯಿತು. ಉಪ್ಪಿನ ಬಯಲಿನಿಂದ. ಹುಡುಗಿಗೆ ಬಾಯಾರಿದೆ. ಬಾವಿಯ ಹತ್ತಿರ ಒಬ್ಬ ಮುದುಕ ಕೂತಿದ್ದಾನೆ, ಯಾರಿಗಾಗಿ ಬಂದೆ ಹೇಳು, ನೀರು ಕೊಡುತ್ತೇನೆ ಅನ್ನುತ್ತಾನೆ. ಅವಳು ಬಾಯಿ ಬಿಡುವುದಿಲ್ಲ. ತುಟಿ ಒಡೆದು ರಕ್ತ ಬಂದರೂ ಬಿಡುವುದಿಲ್ಲ.

"ಅದ್ಯಾಕ್ ಅಂಗ್ ಮುಚ್ಕಂಡದೆ ಅದು?" ಬಾಗಿಲಿನಿಂದ ಮಗನ ದನಿ. ಯಾವಾಗ ಎದ್ದು ಬಂದು ನಿಂತಿದ್ದನೋ. "ಒಂದ್ ಮಾತ್ ಏಳುದ್ರೆ ನೀರ್ ಕೊಡ್ತಾನೆ ತಾನೆ ಅವ್ನು?"

"ನಿನ್ ಮಗ್ಳೂ ವರ್ಸದಿಂದ ಮುಚ್ಕಂಡಿತ್ತು ಕಣ್ಲಾ," ಅಂದೆ. "ಅದ್ಕೂ ಇಂಗೇ ಕೇಳ್ಬೇಕಿತ್ತು."

ಅವನು ಒಳಗೆ ಬರಲಿಲ್ಲ. ಬಾಗಿಲ ಕಂಬಕ್ಕೆ ಒರಗಿಕೊಂಡು ನಿಂತೇ ಕೇಳಿದ.

ಕೊನೆಯಲ್ಲಿ ಹುಡುಗಿ ಬೆಟ್ಟ ಹತ್ತುತ್ತಾಳೆ. ಹಕ್ಕಿಗೆ ವಯಸ್ಸಾಗಿದೆ, ಒಂದು ಕಣ್ಣಿಲ್ಲ. ನಾನು ಯಾರ ಬಾಯಿಂದಲೂ ಹೆಸರು ಕಿತ್ತುಕೊಂಡಿಲ್ಲ ಮಗಳೇ, ನೀವೇ ಆಡದೆ ಕೆಳಗೆ ಬೀಳಿಸಿದ ಹೆಸರುಗಳನ್ನು ಆರಿಸಿಕೊಂಡು ಬಂದು ಇಲ್ಲಿ ಇಟ್ಟಿದ್ದೇನೆ ಅನ್ನುತ್ತದೆ. ಆಗ ಹುಡುಗಿ ಬಾಯಿ ತೆರೆದು ಅಣ್ಣನ ಹೆಸರು ಹೇಳುತ್ತಾಳೆ. ಅಣ್ಣ ಎದ್ದು ಬರುವುದಿಲ್ಲ. ಪುಸ್ತಕ ಸುಳ್ಳು ಹೇಳುವುದಿಲ್ಲ. ಹುಡುಗಿ ಒಬ್ಬಳೇ ಇಳಿದು ಬರುತ್ತಾಳೆ, ಹೆಸರನ್ನು ಮಾತ್ರ ತನ್ನ ಜೊತೆ ತರುತ್ತಾಳೆ.

ಮೇಷ್ಟರಿಗೆ ನಾನು ಹೇಳಬೇಕಾದ ಉತ್ತರ ಇದೇ. ಸಾವು ಮಕ್ಕಳಿಗೆ ಪುಸ್ತಕದಿಂದ ಬರುವುದಿಲ್ಲ ಸಾ. ಅದು ಸೊಪ್ಪಿನ ಬುಡದಿಂದ ಬರುತ್ತದೆ. ಬಂದ ಮೇಲೆ ಆಡಲು ಮಾತು ಎಲ್ಲಿಂದ ತರುತ್ತವೆ ಮಕ್ಕಳು? ದೊಡ್ಡವರ ಬಾಯಿಗೆ ಬೀಗ. ಏಳನೇ ಕ್ಲಾಸಿನಿಂದ ಮೇಲಿನವರಿಗೆ ಕೊಡಿ. ಅದಕ್ಕಿಂತ ಚಿಕ್ಕವರಾದರೆ ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಲಿ.

ಆ ದಿನ ಓದಿ ಮುಗಿದ ಮೇಲೆ ನನ್ನ ಮೊಮ್ಮಗಳು ಅತ್ತಳು. ನೆಲಕ್ಕೆ ಬಿದ್ದು, ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಅಳುವ ಹಾಗೆ, ಅಣ್ಣನ ಹೆಸರು ಹಿಡಿದು ಅತ್ತಳು. ಸೊಸೆಯೂ ಅತ್ತಳು. ಬದುವಿನಲ್ಲಲ್ಲ, ಮನೆಯೊಳಗೆ. ಆ ಅಳು ಕೇಳಿ ನನಗೆ ಆದ ಸಂತೋಷವನ್ನು ಯಾರಿಗೆ ಹೇಳಿದರೆ ಅರ್ಥವಾದೀತು? ಮಗು ಬದುಕಿತು ಅಂದುಕೊಂಡೆ.

ಶಾಲೆಯ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಮರುದಿನ ಅವಳು ಚೀಲ ಹಾಕಿಕೊಂಡು ಹೊರಟಾಗ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಆದರೆ ಮುಂದಿನ ಚಾಕಿ ತರುವ ದಿನ ಹತ್ತಿರ ಬರುತ್ತಿತ್ತು. ಹುಳ ಬಂದರೆ ಮತ್ತೆ ಬಾಯಿ ಮುಚ್ಚಬೇಕು. ಸೊಸೆ ಮಾತು ಕೊಟ್ಟಾಗಿತ್ತು. ಸ್ಟ್ಯಾಂಡು ಒಳಗೆ ಯಾವಾಗ ತರುತ್ತಾನೋ ಎಂದು ನಾವು ಮೂವರೂ ಕಾಯುತ್ತಿದ್ದೆವು. ಅವನು ತರಲಿಲ್ಲ. ಹಿತ್ತಲಿನ ಆಚೆ, ಸೊಪ್ಪಿನ ತೋಟಕ್ಕೆ ತಾಗಿದ ಜಾಗದಲ್ಲಿ ಕಂಬ ನೆಟ್ಟ. ತೆಂಗಿನ ಗರಿ ಹೆಣೆದು ಮಾಡು ಹೊದಿಸಿದ. ಸುತ್ತ ಗೋಣಿಚೀಲದ ತಡಿಕೆ ಕಟ್ಟಿದ. ಸ್ಟ್ಯಾಂಡು ತಟ್ಟೆ ಎಲ್ಲ ಅಲ್ಲಿಗೆ ಸಾಗಿಸಿದ.

"ಉಳ ಅಲ್ಲಿರ್ತವೆ," ಅಂದ ನನಗೆ. "ಅಲ್ಲಿ ಯಾರೂ ಆ ಮಾತ ಎತ್ಕೂಡ್ದು, ಏಳಿದ್ದೀನಿ. ಇಲ್ಲಿ ಏನಾರ ಮಾಡ್ಕಳಿ."

ಕಟ್ಟಳೆ ಬಿಟ್ಟವನಲ್ಲ ಅವನು. ಆ ಚಪ್ಪರದಲ್ಲಿ ಇವತ್ತಿಗೂ ಸತ್ತವರ ಹೆಸರು ಎತ್ತಿದರೆ ಕಣ್ಣು ಕೆಂಪಗೆ ಮಾಡುತ್ತಾನೆ.

ಚಾಕಿ ತಂದು ಬಿಟ್ಟ ದಿನ ಸಂಜೆ ಅವನು ಚಪ್ಪರದಲ್ಲಿ ಸೊಪ್ಪು ಕತ್ತರಿಸಿ ಹಾಕಿ, ಹೊರಗೆ ಬಂದು, ಕೈ ಕಾಲು ತೊಳೆದುಕೊಂಡ. ಅಂಗಿಯ ಮೇಲಿನ ಸೊಪ್ಪಿನ ಚೂರು ಕೊಡವಿದ. ಒಳಗೆ ಬಂದು ಖಾಲಿ ನಡುಮನೆಯಲ್ಲಿ ಮಗಳ ಮುಂದೆ ಕಾಲು ಮಡಿಸಿ ಕೂತ.

"ಪುಸ್ತಕ ವಾಪಸ್ ಕೊಟ್ಬುಟ್ಯಾ ಇಸ್ಕೂಲಿಗೆ?"

ಅವಳು ಇಲ್ಲವೆಂದು ತಲೆ ಆಡಿಸಿದಳು. ಆಮೇಲೆ ಬಾಯಿ ತೆರೆದು ಹೇಳಿದಳು: "ಇಲ್ಲಪ್ಪ. ನಾಳಿಕ್ ಕೊಡ್ಬೇಕು."

"ಅಂಗಾರೆ ಮೊದಲ್ನಿಂದ ಓದು," ಅಂದ. "ನಾನ್ ಅರ್ಧಕ್ಕೆ ಬಂದಿದ್ದೆ."